ಕೊಟ್ಟಿಗೆ ಗೋಡೆಯೊಳಗೆ ತುಡುವೆ ಜೇನು ಕೂತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿ. ಚಿರೆಕಲ್ಲಿನ ಹಳೆ ಕೊಟ್ಟಿಗೆ. ಎರಡು ಹಸು, ಒಂದು ಕಪ್ಪು ಕರು ಇವೆ. ದೀಪಾವಳಿ ಕಳೆದು ಒಂದು ವಾರಕ್ಕೆ ಗೋಡೆಯ ಸಂದಿಯೊಳಗೆ ಜೇನು ಬಂದು ಸೇರಿಕೊಂಡಿತು. ಕರು ಕಟ್ಟುವ ಜಾಗದಿಂದ ಮೂರಡಿ ದೂರ ಅಷ್ಟೆ. ಒಂದು ತಿಂಗಳು ಸುಮ್ಮನಿದ್ದವು. ಮೊನ್ನೆ ಕರುವಿನ ಮೂತಿಗೆ ನಾಲ್ಕೈದು ಹುಳ ಹೊಡೆದಿವೆ. ಬೆಳಗಿನ ಜಾವ ಹಾಲು ಕರೆಯುವಾಗ ಅಮ್ಮನಿಗೂ ಎರಡು ಸಲ ಹೊಡೆದಿವೆ. ಪಕ್ಕದ ಮನೆಯವರು ಸೀಮೆಎಣ್ಣೆ ಬಟ್ಟೆ ಸುತ್ತಿ ಬೆಂಕಿ ಕೊಡಿ ಅನ್ನುತ್ತಾರೆ. ಇನ್ನೊಬ್ಬರು ಉಣುಗಿಗೆ ಹೊಡೆಯುವ ಔಷಧಿ ಸಿಂಪಡಿಸಿ ಅನ್ನುತ್ತಾರೆ. ಮನೆಗೆ ಬಂದ ಜೇನನ್ನು ಸಾಯಿಸಲು ಅಮ್ಮನಿಗೆ ಮನಸ್ಸಿಲ್ಲ, ನನಗೂ ಇಲ್ಲ. ಆದರೆ ಕರುವಿನ ಗತಿ ಏನು? ದಾರಿ ಹೇಳಿ.

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇದನ್ನು ಪೂರ್ತಿ ಓದುವ ಮುಂಚೆಯೇ ಎದ್ದು ಹೋಗಿ ಕರುವನ್ನು ಆ ಗೋಡೆಯ ಬುಡದಿಂದ ಬಿಚ್ಚಿ, ಕೊಟ್ಟಿಗೆಯ ಇನ್ನೊಂದು ತುದಿಯಲ್ಲೋ ಮನೆಯ ಜಗಲಿ ಪಕ್ಕದಲ್ಲೋ ಕಟ್ಟಿ ಬನ್ನಿ. ಜೇನಿನ ವಿಷಯ ಆಮೇಲೆ ನಿಧಾನವಾಗಿ ನೋಡೋಣ. ಅದಕ್ಕೆ ಒಂದು ವಾರ ಹಿಡಿದರೂ ಪರವಾಗಿಲ್ಲ, ಎರಡು ವಾರ ಹಿಡಿದರೂ ಪರವಾಗಿಲ್ಲ.

ಇಷ್ಟು ಅವಸರ ಮಾಡುವುದಕ್ಕೆ ಕಾರಣ ಇದೆ. ನಾನು ಪಶುವೈದ್ಯ, ಮನೆಯ ಹಿಂದೆ ಹನ್ನೊಂದು ಜೇನುಪೆಟ್ಟಿಗೆಯನ್ನೂ ಇಟ್ಟುಕೊಂಡಿದ್ದೇನೆ. ಎರಡೂ ಕಡೆ ನೋಡಿದ ಮೇಲೆ ನನಗೆ ಗೊತ್ತಾಗಿರುವುದು ಇದು: ಬಿಟ್ಟ ಹಸುವಿಗೆ ಜೇನಿನಿಂದ ಅಪಾಯ ತೀರಾ ಕಡಿಮೆ. ಎರಡು ಹುಳ ಹೊಡೆದರೆ ಬಾಲ ಎತ್ತಿಕೊಂಡು ಓಡಿಬಿಡುತ್ತದೆ, ನೂರು ಮಾರು ಆಚೆ ಹೋಗಿ ನಿಂತು ಮೇಯುತ್ತದೆ. ಅಪಾಯ ಇರುವುದು ಕಟ್ಟಿದ ಹಸುವಿಗೆ. ಅದು ಓಡುವ ಹಾಗಿಲ್ಲ. ಒದರಾಡುತ್ತದೆ, ಗೋಡೆಗೆ ಗುದ್ದುತ್ತದೆ, ಗುದ್ದಿದಷ್ಟೂ ಹುಳ ಇನ್ನೂ ಏಳುತ್ತವೆ. ಅಂದರೆ ಇಲ್ಲಿ ಜೇನಿಗಿಂತ ಕಣ್ಣಿಯ ಹಗ್ಗವೇ ದೊಡ್ಡ ಅಪಾಯ. ಒಂದೇ ಜಾಗದಲ್ಲಿ ಹಗ್ಗ ಮತ್ತು ಜೇನು ಎರಡೂ ಇರಬಾರದು. ಈ ಎರಡರಲ್ಲಿ ಇವತ್ತೇ ಬದಲಿಸಬಹುದಾದದ್ದು ಹಗ್ಗ.

ಈಗ ಕರುವಿನ ಮೂತಿ. ಹೊಡೆದ ಕೂಡಲೇ ನೋಡಿದ್ದರೆ ಕೊಂಡಿ ಚರ್ಮದಲ್ಲೇ ಉಳಿದಿರುತ್ತದೆ. ಜೇನಿನ ಕೊಂಡಿಗೆ ಗರಗಸದಂಥ ಹಲ್ಲಿರುತ್ತದೆ, ಹಾಗಾಗಿ ಹುಳ ಹಾರಿದರೂ ಕೊಂಡಿ ವಿಷದ ಚೀಲದ ಸಮೇತ ಕಿತ್ತು ಅಲ್ಲೇ ಉಳಿದು ಇನ್ನೂ ವಿಷ ಇಳಿಸುತ್ತಿರುತ್ತದೆ. ಉಗುರಿನಿಂದ ಕೆರೆಯಿರಿ, ಚಿವುಟಿ ತೆಗೆಯಿರಿ, ಹೇಗೆ ತೆಗೆದರೂ ಸರಿ, ಆದರೆ ಬೇಗ ತೆಗೆಯಬೇಕು. ಅರ್ಧ ನಿಮಿಷದೊಳಗೆ ಹೆಚ್ಚಿನ ವಿಷ ಇಳಿದು ಮುಗಿದಿರುತ್ತದೆ. ಈಗ ಎರಡು ಮೂರು ದಿನ ಆಗಿರುವುದರಿಂದ ಆ ಕೆಲಸ ಉಳಿದಿಲ್ಲ. ತಣ್ಣೀರು ಬಟ್ಟೆ ಒತ್ತಿ. ಹಾಲು ಕುಡಿಯುತ್ತಿದೆಯಾ, ನೀರು ಕುಡಿಯುತ್ತಿದೆಯಾ ನೋಡಿ. ನಾಲ್ಕೈದು ಹುಳದ ಬಾವು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯಬೇಕು. ಮೂಗಿನ ಹೊಳ್ಳೆ ಮುಚ್ಚುವಷ್ಟು ಊದಿದರೆ, ಉಸಿರಾಡುವಾಗ ಗೊರಗೊರ ಸದ್ದು ಬಂದರೆ, ಗಂಟಲು ದಪ್ಪ ಆದರೆ, ಮೂತ್ರ ಕೆಂಪಗೆ ಅಥವಾ ಕಾಫಿ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬೇಡಿ. ನಿಮ್ಮ ಊರಿನ ಪಶು ಆಸ್ಪತ್ರೆಗೆ ಫೋನ್ ಮಾಡಿ, ಅಥವಾ 1962 ಪಶು ಸಹಾಯವಾಣಿಗೆ ಮಾಡಿ. ಅಷ್ಟರವರೆಗೆ ಬಾಯಿಗೆ ಗೊಟ್ಟದಲ್ಲಿ ಏನನ್ನೂ ಎರೆಯಬೇಡಿ. ಎಣ್ಣೆ, ಕಷಾಯ, ಮಜ್ಜಿಗೆ ಯಾವುದೂ ಬೇಡ. ಗಂಟಲು ಊದಿದಾಗ ಎರೆದದ್ದು ಶ್ವಾಸಕೋಶಕ್ಕೆ ಹೋಗಿ ಕರು ಸತ್ತಿದ್ದನ್ನು ನಾನು ನೋಡಿದ್ದೇನೆ. ಅಲ್ಲಿ ಕೊಂದದ್ದು ಜೇನಿನ ವಿಷವಲ್ಲ, ಒಳ್ಳೆಯ ಮನಸ್ಸಿನಿಂದ ಎರೆದ ಕಷಾಯ.

ಅಮ್ಮನ ವಿಷಯದಲ್ಲೂ ಒಂದು ಮಾತು. ಹೊಡೆದ ಜಾಗ ಮಾತ್ರ ಊದಿ ತುರಿಸಿದರೆ ಹೆದರುವುದು ಬೇಡ. ಆದರೆ ಮೈಯೆಲ್ಲ ದದ್ದು ಎದ್ದರೆ, ನಾಲಿಗೆ ಅಥವಾ ತುಟಿ ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ತಕ್ಷಣ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಿಂದೆ ಎಷ್ಟೋ ಸಲ ಜೇನು ಹೊಡೆದು ಏನೂ ಆಗದವರಿಗೂ ಒಂದು ದಿನ ಹೀಗೆ ಆಗಬಹುದು.

ಒಂದು ತಿಂಗಳು ಸುಮ್ಮನಿದ್ದ ಜೇನು ಈಗ್ಯಾಕೆ ಹೊಡೆಯಿತು ಎನ್ನುವುದು ನಿಮ್ಮ ಪ್ರಶ್ನೆಯೊಳಗೇ ಇದೆ. ಮಳೆಗಾಲ ಮುಗಿದು ಹೂವು ಶುರುವಾದ ಮೇಲೆ ನಮ್ಮ ಕಡೆ ತುಡುವೆ ಪಾಲಾಗುತ್ತದೆ. ಹಳೆ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊಸ ಮನೆ ಹುಡುಕಿ ಹೊರಡುತ್ತದೆ. ನಿಮ್ಮ ಗೋಡೆಗೆ ಬಂದದ್ದು ಅಂಥ ಪಾಲು. ಹೊರಡುವಾಗ ಹೊಟ್ಟೆ ತುಂಬ ಜೇನುತುಪ್ಪ ಕುಡಿದಿರುತ್ತವೆ, ಕಾಯುವುದಕ್ಕೆ ಮನೆಯೂ ಇಲ್ಲ, ಮರಿಯೂ ಇಲ್ಲ. ಆಗ ಅವು ತುಂಬ ಸಾಧು. ಒಂದು ತಿಂಗಳಲ್ಲಿ ಒಳಗೆ ಎರಿ, ಅಂದರೆ ಮೇಣದ ತಟ್ಟೆ, ಕಟ್ಟಿವೆ. ಮೊಟ್ಟೆಯಿಂದ ಹುಳವಾಗಿ ಹೊರಬರಲು ಸುಮಾರು ಮೂರು ವಾರ ಬೇಕು, ಅಂದರೆ ಈಗ ಅಲ್ಲೇ ಹುಟ್ಟಿದ ಹೊಸ ಹುಳಗಳೂ ಇವೆ. ಈಗ ಅವಕ್ಕೆ ಕಾಯಬೇಕಾದ ಸಂಸಾರ ಇದೆ. ಬಾಗಿಲಲ್ಲಿ ಕಾವಲು ನಿಲ್ಲುತ್ತವೆ.

ಆ ಬಾಗಿಲ ಹತ್ತಿರ ಕರು ಮೂತಿ ತಂದದ್ದು ಯಾಕೆ? ನಾನು ಊಹಿಸುವುದು, ಕರು ಗೋಡೆ ನೆಕ್ಕುತ್ತಿದೆ. ಸುಣ್ಣ ಹೊಡೆದ ಗೋಡೆ, ಉಪ್ಪಿನಂಶ ಇರುವ ಮಣ್ಣು, ಇವನ್ನು ನೆಕ್ಕುವ ಕರುಗಳಿಗೆ ಹೆಚ್ಚಾಗಿ ಖನಿಜ ಕಡಿಮೆಯಾಗಿರುತ್ತದೆ ಅಥವಾ ಹೊಟ್ಟೆಯಲ್ಲಿ ಜಂತುಹುಳು ಇರುತ್ತದೆ. ಒಂದು ದಿನ ಗಮನಿಸಿ. ನೆಕ್ಕುತ್ತಿದ್ದರೆ ಜಂತಿನ ಔಷಧಿ ಕೊಡಿಸಿ, ದಾಣಿಗೆ ಖನಿಜ ಮಿಶ್ರಣ ಹಾಕಿ, ನೆಕ್ಕಲು ಉಪ್ಪಿನ ಗಟ್ಟಿ ಕಟ್ಟಿ. ಜೇನನ್ನು ಓಡಿಸಿ ಕರುವನ್ನು ಹಾಗೇ ಬಿಟ್ಟರೆ ನಾಳೆ ಅದು ಇನ್ನೇನನ್ನೋ ನೆಕ್ಕುತ್ತದೆ. ಇನ್ನೊಂದು, ಜೇನಿಗೆ ಕಪ್ಪು ಬಣ್ಣ, ಕೂದಲು, ಬಿಸಿ ಉಸಿರು ಈ ಮೂರೂ ಆಗುವುದಿಲ್ಲ. ಗೂಡು ದೋಚಲು ಬರುವ ಪ್ರಾಣಿಗಳೆಲ್ಲ ಹಾಗೇ ಇರುತ್ತವೆ, ಅಲ್ವಾ? ನಿಮ್ಮ ಕಪ್ಪು ಕರು ಬಾಗಿಲಿಗೆ ಮೂತಿ ಇಟ್ಟು ಉಸಿರು ಬಿಟ್ಟರೆ ಒಳಗಿನವಕ್ಕೆ ಅದು ಕರಡಿಯೇ.

ಅಮ್ಮನಿಗೆ ಹೊಡೆದದ್ದು ಬೆಳಗಿನ ಜಾವ ಎಂದಿದ್ದೀರಿ. ಆ ಹೊತ್ತಿಗೆ ಜೇನು ತಾನಾಗಿ ಹೊರಗೆ ಬರುವುದಿಲ್ಲ. ಬಲ್ಬು ಹಾಕಿದಿರಾ ಎಂದು ಕೇಳುತ್ತೇನೆ. ಕತ್ತಲೆಯಲ್ಲಿ ದೀಪ ಕಂಡರೆ ಬಾಗಿಲಲ್ಲಿರುವ ಹುಳಗಳು ಅದಕ್ಕೆ ಹಾರಿ ಬರುತ್ತವೆ, ಬಲ್ಬಿಗೆ ಬಡಿದು ಕೆಳಗೆ ಬೀಳುತ್ತವೆ. ಹಾಲು ಕರೆಯುವವರ ಸೆರಗಿಗೋ ಕೂದಲಿಗೋ ಸಿಕ್ಕಿಕೊಂಡರೆ ಹೊಡೆಯುತ್ತವೆ. ಬಲ್ಬನ್ನು ಗೂಡಿನಿಂದ ದೂರದ ಮೂಲೆಗೆ, ಬೆಳಕು ಗೂಡಿನ ಬಾಯಿಗೆ ನೇರವಾಗಿ ಬೀಳದಂತೆ ಹಾಕಿ. ಸಾಧ್ಯವಾದರೆ ಕೆಂಪು ಬಲ್ಬು ಹಾಕಿ, ಇಲ್ಲದಿದ್ದರೆ ಇರುವ ಬಲ್ಬಿನ ಮುಂದೆ ಸ್ವಲ್ಪ ದೂರದಲ್ಲಿ ಕೆಂಪು ಗಾಜಿನ ಕಾಗದ ಕಟ್ಟಿ. ಜೇನಿನ ಕಣ್ಣಿಗೆ ಕೆಂಪು ಬಣ್ಣ ಕಾಣುವುದಿಲ್ಲ. ಇಷ್ಟು ಮಾಡಿದರೇ ಬೆಳಗಿನ ತೊಂದರೆ ಬಹುಪಾಲು ನಿಲ್ಲುತ್ತದೆ.

ಅದು ತುಡುವೆಯೇ ಹೌದಾ ಎಂದು ಒಮ್ಮೆ ಖಚಿತ ಮಾಡಿಕೊಳ್ಳಿ. ಗೋಡೆಯೊಳಗೆ, ಕತ್ತಲೆಯಲ್ಲಿ, ಸಾಲಾಗಿ ಹಲವು ಎರಿ ಕಟ್ಟುವುದು ನಮ್ಮಲ್ಲಿ ತುಡುವೆ. ಹೊಟ್ಟೆಯ ಮೇಲೆ ಪಟ್ಟೆ ಪಟ್ಟೆ ಇರುತ್ತದೆ. ಹುಳ ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದು, ಕಪ್ಪಗಿದೆ, ಸಂದಿಯ ಬಾಯಲ್ಲಿ ಅಂಟಿನ ಕೊಳವೆಯಂತೆ ಏನೋ ಚಾಚಿಕೊಂಡಿದೆ ಎಂದಾದರೆ ಅದು ಮಿಸರಿ ಜೇನು, ದಕ್ಷಿಣ ಕನ್ನಡದವರು ಮುಜಂಟಿ ಎನ್ನುತ್ತಾರೆ. ಅದಕ್ಕೆ ಹೊಡೆಯುವ ಕೊಂಡಿಯೇ ಇಲ್ಲ, ಹಾಗೇ ಬಿಟ್ಟುಬಿಡಿ. ಕರುವಿಗೆ ಹೊಡೆದಿರುವುದರಿಂದ ನಿಮ್ಮದು ಅದಲ್ಲ. ಮಾಡಿನ ಪಕಾಸಿನಲ್ಲಿ ದುಂಡಗೆ ತೂತು ಕೊರೆದು ಗುಂಯ್ ಎನ್ನುವ ದೊಡ್ಡ ಕರಿ ದುಂಬಿ ಬೇರೆ, ಅದು ಒಂಟಿ, ಅದರಿಂದ ದನಕ್ಕೆ ತೊಂದರೆ ಇಲ್ಲ. ಬೂದು ಕಾಗದದಂಥ ಗೂಡು ತೂಗುತ್ತಿದ್ದರೆ ಕಡಜ. ಅದಕ್ಕೆ ನಾನು ಇಲ್ಲಿ ಹೇಳುವುದು ಯಾವುದೂ ಹೊಂದುವುದಿಲ್ಲ.

ಗೂಡೇ ಇಲ್ಲದೆ ಕೊಟ್ಟಿಗೆಗೆ ಜೇನು ಬರುವುದೂ ಇದೆ. ಹೂವು ಕಡಿಮೆಯಿದ್ದಾಗ ಹಿಂಡಿಯ ಪುಡಿಯನ್ನು, ಜೋಳದ ನುಚ್ಚಿನ ಧೂಳನ್ನು ಪರಾಗ ಎಂದುಕೊಂಡು ಕಾಲಿಗೆ ಮೆತ್ತಿಕೊಂಡು ಹೋಗುತ್ತವೆ. ಬೇಸಿಗೆಯಲ್ಲಿ ಬಾನಿಯ ಅಂಚಿನ ನೀರಿಗೆ, ಗಂಜಲ ನಿಂತ ನೆಲದ ಉಪ್ಪಿಗೆ ಬರುತ್ತವೆ. ಹಿಂಡಿ ಡಬ್ಬಿಗೆ ಮುಚ್ಚಳ ಹಾಕಿ, ಕೊಟ್ಟಿಗೆಯಿಂದ ದೂರ ಒಂದು ತಟ್ಟೆಯಲ್ಲಿ ಕಲ್ಲು ಹರಳು ಹಾಕಿ ನೀರಿಟ್ಟರೆ ಇದು ತಪ್ಪುತ್ತದೆ.

ಬೆಂಕಿ ಮತ್ತು ಔಷಧಿ ಎರಡಕ್ಕೂ ನನ್ನ ಉತ್ತರ ಬೇಡ ಎಂದೇ. ಜೇನಿನ ಮೇಲಿನ ಕರುಣೆಗೆ ಮಾತ್ರ ಹೇಳುತ್ತಿಲ್ಲ, ನಿಮ್ಮ ದನಗಳಿಗಾಗಿಯೂ ಹೇಳುತ್ತಿದ್ದೇನೆ. ಕೊಟ್ಟಿಗೆಯ ಅಟ್ಟದಲ್ಲಿ ಒಣಹುಲ್ಲು ಇದೆ ತಾನೆ? ಅದರ ಕೆಳಗೆ ಸೀಮೆಎಣ್ಣೆ ಪಂಜು ಹಿಡಿಯುವುದು ಎಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಉಣುಗಿಗೆ ಹೊಡೆಯುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಜಾತಿಯ ಔಷಧಿಗಳು ಜೇನಿಗೆ ಭಾರಿ ವಿಷ. ಸಂದಿಗೆ ಹೊಡೆದರೆ ಬಾಗಿಲ ಹತ್ತಿರದವು ಸಾಯುತ್ತವೆ, ಒಳಗಿನವು ಕಂಗೆಟ್ಟು ಹೊರಗೆ ಬೀಳುತ್ತವೆ. ಆ ಹೊತ್ತಿಗೆ ಅಲ್ಲಿ ಒಂದು ದನ ಕಟ್ಟಿದ್ದರೆ ಮುಗಿಯಿತು. ಎಲ್ಲ ಸತ್ತವು ಎಂದೇ ಇಟ್ಟುಕೊಳ್ಳಿ. ಗೋಡೆಯೊಳಗಿನ ಎರಿ, ತುಪ್ಪ, ಮರಿ ಎಲ್ಲ ಅಲ್ಲೇ ಉಳಿಯುತ್ತವೆ. ಕೊಳೆತು ವಾಸನೆ ಬರುತ್ತದೆ, ತುಪ್ಪ ಸೋರುತ್ತದೆ, ಇರುವೆ ಸಾಲು ಹಿಡಿಯುತ್ತದೆ, ಮೇಣದ ಪತಂಗ ತುಂಬುತ್ತದೆ, ಇಲಿ ಬರುತ್ತದೆ. ವಿಷ ಬೆರೆತ ಆ ತುಪ್ಪವನ್ನು ಅಕ್ಕಪಕ್ಕದ ಜೇನುಗಳು ಬಂದು ಹೊತ್ತುಕೊಂಡು ಹೋಗಿ ಅವೂ ಸಾಯುತ್ತವೆ. ಇಷ್ಟಾದ ಮೇಲೂ ಮೇಣದ ವಾಸನೆ ಆ ಸಂದಿಯಲ್ಲಿ ಉಳಿದು, ಮುಂದಿನ ವರ್ಷ ಮತ್ತೊಂದು ಪಾಲು ಅಲ್ಲಿಗೇ ಬಂದು ಸೇರುತ್ತದೆ. ಯಾವ ತೊಂದರೆ ಕಳೆಯಬೇಕು ಎಂದು ಹೊರಟಿರೋ ಅದೇ ತಿರುಗಿ ಬರುತ್ತದೆ.

ಇನ್ನೊಂದು ಕಾರಣವೂ ಇದೆ, ಇದು ನನ್ನ ಮನಸ್ಸಿಗೆ ಹತ್ತಿರದ್ದು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗಳ ಮೇಲೆ ಬಿತ್ತು. ಕರ್ನಾಟಕ, ಕೇರಳ, ತಮಿಳುನಾಡಿನಲ್ಲಿ ಹತ್ತಕ್ಕೆ ಒಂಬತ್ತರಷ್ಟು ಕುಟುಂಬಗಳು ಹೋದವು ಎಂಬುದು ಸಾಮಾನ್ಯ ಲೆಕ್ಕ. ಮಲೆನಾಡಿನ ಎಷ್ಟೋ ಮನೆಗಳ ಹಿತ್ತಿಲಲ್ಲಿ ಪೆಟ್ಟಿಗೆಗಳು ಖಾಲಿಯಾಗಿ, ಗೆದ್ದಲು ಹಿಡಿದು ಬಿದ್ದವು. ಈಗ ನಮ್ಮ ಸುತ್ತ ಇರುವ ತುಡುವೆಗಳೆಲ್ಲ ಅಂದು ಬದುಕಿ ಉಳಿದವುಗಳ ಸಂತಾನ. ನಿಮ್ಮ ಗೋಡೆಯಲ್ಲಿ ಕೂತಿರುವುದೂ ಅದೇ. ತೋಟದಲ್ಲಿ ಏಲಕ್ಕಿ ಇದ್ದರೆ ಅದರ ಕಾಯಿ ಕಚ್ಚುವುದು ಹೆಚ್ಚಾಗಿ ಜೇನಿನಿಂದಲೇ. ಹಿತ್ತಿಲ ಸೌತೆ, ಹಾಗಲ, ಕುಂಬಳಕ್ಕೂ ಅವು ಬೇಕು. ಅಮ್ಮನಿಗೆ ಸಾಯಿಸಲು ಮನಸ್ಸು ಬಾರದೇ ಇದ್ದದ್ದು ಸರಿಯಾಗೇ ಇದೆ.

ಹಾಗಾದರೆ ಏನು ಮಾಡಬೇಕು? ನಿಮ್ಮ ಮುಂದೆ ಮೂರು ದಾರಿ ಇವೆ.

ಮೊದಲನೆಯದು, ಹಾಗೇ ಬಿಡುವುದು. ಗೂಡಿನ ಬಾಯಿ ಆಳೆತ್ತರಕ್ಕಿಂತ ಮೇಲಿದ್ದು, ದನಗಳನ್ನು ಹತ್ತು ಹದಿನೈದು ಅಡಿ ದೂರ ಕಟ್ಟಲು ಜಾಗ ಇದ್ದರೆ ಇದೇ ಸಾಕು. ಗೂಡಿನ ಮುಂದೆ ಒಂದೆರಡು ಅಡಿ ಬಿಟ್ಟು, ಆಳೆತ್ತರಕ್ಕಿಂತ ಸ್ವಲ್ಪ ಎತ್ತರಕ್ಕೆ, ತೋಟಕ್ಕೆ ಹಾಕುವ ಹಸಿರು ನೆರಳು ಬಲೆಯನ್ನು ಇಳಿಬಿಡಿ. ಜೇನು ಬಲೆಯನ್ನು ತಪ್ಪಿಸಲು ಮೇಲೆ ಏರಿ ಹಾರುತ್ತದೆ, ದನದ ತಲೆಯ ಮಟ್ಟದಲ್ಲಿ ಓಡಾಡುವುದು ನಿಲ್ಲುತ್ತದೆ. ಆದರೆ ನೀವು ಹೇಳಿದ್ದನ್ನು ನೋಡಿದರೆ ನಿಮ್ಮದು ಕರುವಿನ ಮೂತಿಗೆ ಸಿಗುವ ಎತ್ತರ, ಜಾಗವೂ ಇಕ್ಕಟ್ಟು. ಇದು ನಿಮಗೆ ಆಗುವುದು ಅನುಮಾನ.

ಎರಡನೆಯದು ನನಗೆ ಹೆಚ್ಚು ಇಷ್ಟವಾದ ದಾರಿ. ಜೇನನ್ನು ಅಲ್ಲೇ ಬಿಟ್ಟು ಅದರ ಬಾಗಿಲನ್ನು ಮಾತ್ರ ತಿರುಗಿಸುವುದು. ಚಿರೆಕಲ್ಲಿನ ಗೋಡೆ ದಪ್ಪ ಇರುತ್ತದೆ, ಒಳಗಿನ ಸಂದಿ ಎಷ್ಟೋ ಸಲ ಹೊರಮೈವರೆಗೂ ಹೋಗಿರುತ್ತದೆ. ಗೋಡೆಯ ಹೊರಗಡೆಯಿಂದ, ಗೂಡಿನ ನೇರಕ್ಕೆ, ಕಲ್ಲಿನ ಸಂದಿನ ಮಣ್ಣನ್ನು ಮೆಲ್ಲಗೆ ಕೆದಕಿ ಬೆರಳು ಹೋಗುವಷ್ಟು ತೂತು ಮಾಡಿ. ಹಾರೆಯಿಂದ ಕುಟ್ಟಬೇಡಿ, ಅದುರಿದರೆ ಅವು ಏಳುತ್ತವೆ. ಉದ್ದ ಕಬ್ಬಿಣದ ಸರಳಿನಿಂದ ತಿರುಗಿಸಿ ತಿರುಗಿಸಿ ಕೆದಕಿ. ಎರಿಗೆ ಚುಚ್ಚದಂತೆ, ಗಾಳಿ ಬೆಳಕು ಒಳಗೆ ಹೋದ ಕೂಡಲೇ ನಿಲ್ಲಿಸಿ. ಮುಖಕ್ಕೆ ಬಲೆ ಇರಲಿ, ದನ ಯಾವುದೂ ಹತ್ತಿರ ಬೇಡ. ಎರಡು ಮೂರು ದಿನದಲ್ಲಿ ಕೆಲವು ಹುಳ ಹೊಸ ಬಾಗಿಲಿನಿಂದ ಓಡಾಡಲು ಶುರು ಮಾಡುತ್ತವೆ. ಆಮೇಲೆ ಒಳಗಿನ ಬಾಯಿಯನ್ನು ಒಂದೊಂದೇ ಸಂಜೆ ಸ್ವಲ್ಪ ಸ್ವಲ್ಪ ಹಸಿ ಮಣ್ಣಿನಿಂದ ಕಿರಿದು ಮಾಡುತ್ತಾ ಬನ್ನಿ, ಓಡಾಟವೆಲ್ಲ ಹೊರಗಾದ ಮೇಲೆ ಒಂದು ರಾತ್ರಿ ಪೂರ್ತಿ ಮುಚ್ಚಿ. ಹೊರಗೆ ದಾರಿ ಆಗುವ ಮೊದಲೇ ಒಳಗಿನದನ್ನು ಮುಚ್ಚಬೇಡಿ. ಒಳಗೆ ಉಸಿರು ಕಟ್ಟಿ ಸಾವಿರಾರು ಹುಳ ಸಾಯುತ್ತವೆ, ಅದು ಬೆಂಕಿಗಿಂತ ಕ್ರೂರ. ಇದು ಸರಿಹೋದರೆ ಗೋಡೆಯ ಆಚೆ ಜೇನು, ಈಚೆ ಕರು. ಇಬ್ಬರಿಗೂ ಒಬ್ಬರ ಗೊಡವೆ ಇನ್ನೊಬ್ಬರಿಗಿಲ್ಲ.

ಸಂದಿ ಹೊರಗಿನವರೆಗೆ ಹೋಗಿಲ್ಲ, ಅಥವಾ ಗೋಡೆಯ ಆಚೆಯೇ ಮನೆಯ ಓಡಾಟ ಇದೆ ಎಂದಾದರೆ ಮೂರನೆಯದು: ಪೆಟ್ಟಿಗೆಗೆ ತುಂಬುವುದು. ಇದನ್ನು ಮೊದಲ ಸಲ ನೀವೇ ಮಾಡಬೇಡಿ. ಊರಲ್ಲಿ ಜೇನು ಸಾಕುವವರು ಒಬ್ಬರಾದರೂ ಇರುತ್ತಾರೆ, ಅವರನ್ನು ಕರೆಯಿರಿ. ತಾಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಕೇಳಿದರೆ ಪೆಟ್ಟಿಗೆಯ ಸಹಾಯಧನದ ವಿವರವೂ, ಜೇನು ಹಿಡಿಯುವವರ ಪರಿಚಯವೂ ಸಿಗುತ್ತದೆ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರವೂ ನಿಮಗೆ ಹತ್ತಿರ. ಆದರೆ ಬಂದವರು ಸರಿಯಾಗಿ ಮಾಡುತ್ತಿದ್ದಾರಾ ಎಂದು ನಿಮಗೆ ತಿಳಿಯಬೇಕಲ್ಲ, ಅದಕ್ಕೆ ಬರೆಯುತ್ತೇನೆ. ತುಪ್ಪ ಹಿಂಡಿಕೊಂಡು ಮರಿ ಇರುವ ಎರಿಯನ್ನು ಎಸೆದು ಹೋಗುವವರೂ ಇದ್ದಾರೆ.

ಒಳ್ಳೆಯ ಬಿಸಿಲಿನ ದಿನ, ಮಧ್ಯಾಹ್ನ ಮೂರೂವರೆ ನಾಲ್ಕರ ಹೊತ್ತಿಗೆ ಶುರು ಮಾಡಬೇಕು. ಬೆಳಕು ಬೇಕು, ಕೆಲಸ ಮುಗಿಯುವ ಹೊತ್ತಿಗೆ ಸಂಜೆಯಾಗಿ ಹೊರಗೆ ಹೋದ ಹುಳಗಳೂ ಮರಳಬೇಕು. ದನಗಳನ್ನೆಲ್ಲ ಬೆಟ್ಟಕ್ಕೆ ಹೊಡೆದಿರಬೇಕು, ನಾಯಿಯನ್ನೂ ಬಿಚ್ಚಿ ದೂರ ಕಳಿಸಿರಬೇಕು. ತೆಂಗಿನ ಕತ್ತದ ಹೊಗೆಯನ್ನು ಬಾಗಿಲಿಗೆ ಎರಡು ಮೂರು ಸಲ ಮೆಲ್ಲಗೆ ಊದುತ್ತಾರೆ. ಹೊಗೆ ಜೇನಿಗೆ ಅಮಲು ಬರಿಸುವುದಿಲ್ಲ. ಒಂದು ಹುಳ ಹೊಡೆದಾಗ ಬಾಳೆಹಣ್ಣಿನಂಥ ಒಂದು ವಾಸನೆ ಹೊರಡುತ್ತದೆ, ಅದೇ ಉಳಿದವಕ್ಕೆ ಇಲ್ಲೇ ಹೊಡೆಯಿರಿ ಎಂಬ ಸೂಚನೆ. ಹೊಗೆ ಆ ವಾಸನೆಯನ್ನು ಮುಚ್ಚುತ್ತದೆ. ಹುಳಗಳು ಕಾಡಿಗೆ ಬೆಂಕಿ ಬಿತ್ತು ಎಂದುಕೊಂಡು ತುಪ್ಪ ಕುಡಿಯಲು ಒಳಗೆ ಓಡುತ್ತವೆ. (ಇದೇ ಕಾರಣಕ್ಕೆ ನಾನು ಗೂಡಿರುವ ಕಡೆ ದನಕ್ಕೆ ಕಳಿತ ಬಾಳೆಹಣ್ಣು, ಸಿಪ್ಪೆ ಹಾಕಬೇಡಿ ಎನ್ನುತ್ತೇನೆ. ಗೂಡಿನ ಹತ್ತಿರ ಹುಳ ಜಜ್ಜಿ ಸಾಯಿಸಲೂಬಾರದು. ಹೊಡೆಸಿಕೊಂಡ ಜಾಗವನ್ನು ಕೂಡಲೇ ನೀರಿನಿಂದ ತೊಳೆಯಬೇಕು, ಕರುವಿಗೂ ಅಷ್ಟೆ.)

ಒಂದು ಕಲ್ಲು ಸಡಿಲಿಸಿ ತೆಗೆದರೆ ಒಳಗೆ ಎರಿಗಳು ಪುಸ್ತಕದ ಹಾಳೆಗಳಂತೆ ಸಾಲಾಗಿ ತೂಗುತ್ತಿರುತ್ತವೆ. ತುದಿಯಿಂದ ಒಂದೊಂದನ್ನೇ ಚೂರಿಯಿಂದ ಬಿಡಿಸಬೇಕು. ಮೊಟ್ಟೆ, ಮರಿ ಇರುವ ಎರಿಯನ್ನು ಪೆಟ್ಟಿಗೆಯ ಚೌಕಟ್ಟಿನ ಅಳತೆಗೆ ಕತ್ತರಿಸಿ, ಗೋಡೆಯಲ್ಲಿ ಮೇಲಿದ್ದ ಭಾಗ ಇಲ್ಲೂ ಮೇಲೇ ಬರುವಂತೆ ಇಟ್ಟು ಬಾಳೆನಾರಿನಿಂದ ಕಟ್ಟುತ್ತಾರೆ. ಕೆಲವು ದಿನದಲ್ಲಿ ಹುಳಗಳೇ ಎರಿಯನ್ನು ಚೌಕಟ್ಟಿಗೆ ಮೇಣದಿಂದ ಬೆಸೆದು, ನಾರನ್ನು ಕಡಿದು ಹೊರಗೆ ಹಾಕುತ್ತವೆ. ಪೆಟ್ಟಿಗೆಯ ಮುಂದೆ ನಾರಿನ ಚೂರು ಬಿದ್ದದ್ದು ಕಂಡರೆ ಸಂಸಾರ ನೆಟ್ಟಗಾಯಿತು ಎಂದು ಅರ್ಥ. ಆ ಚೂರುಗಳನ್ನು ನೋಡುವುದು ನನಗೆ ಇವತ್ತಿಗೂ ಸಂತೋಷ.

ರಾಣಿ ಉದ್ದ ಹೊಟ್ಟೆಯದು, ಉಳಿದವಕ್ಕಿಂತ ಕಪ್ಪು ಬಣ್ಣದ್ದು, ಹೆಚ್ಚಾಗಿ ಮರಿ ಇರುವ ಎರಿಯ ಮೇಲೆ ಓಡಾಡುತ್ತಿರುತ್ತದೆ. ಅದು ಪೆಟ್ಟಿಗೆಯೊಳಗೆ ಬಂದರೆ ಅರ್ಧ ಕೆಲಸ ಮುಗಿಯಿತು. ಅದು ಬಂದಿದೆ ಎಂದು ತಿಳಿಯುವುದು ಹೇಗೆ ಗೊತ್ತಾ? ಪೆಟ್ಟಿಗೆಯ ಬಾಗಿಲಲ್ಲಿ ಹುಳಗಳು ಬಾಲ ಎತ್ತಿ ನಿಂತು ಜೋರಾಗಿ ರೆಕ್ಕೆ ಬೀಸುತ್ತವೆ, ಬನ್ನಿ ಮನೆ ಇಲ್ಲಿದೆ ಎಂದು ಉಳಿದವನ್ನು ಕರೆಯುವ ರೀತಿ ಅದು. ಆಮೇಲೆ ಗೋಡೆಯಲ್ಲಿದ್ದವು ಸಾಲುಗಟ್ಟಿ ತಾವೇ ಪೆಟ್ಟಿಗೆಗೆ ನಡೆದು ಹೋಗುತ್ತವೆ. ಪೆಟ್ಟಿಗೆಯನ್ನು ಗೂಡಿನ ಬಾಯಿಯಿದ್ದ ಜಾಗಕ್ಕೇ ತಾಗಿಸಿ ಕತ್ತಲಾಗುವವರೆಗೆ ಬಿಡಬೇಕು. ರಾಣಿ ಹೊರಗೆ ಹೋಗದಂತೆ ತಡೆಯುವ ಸಣ್ಣ ಗೇಟನ್ನು ನಾಲ್ಕೈದು ದಿನ ಹಾಕಿರಬೇಕು, ಯಾಕೆಂದರೆ ತುಡುವೆಗೆ ಹೊಸ ಮನೆ ಹಿಡಿಸದಿದ್ದರೆ ಇಡೀ ಕುಟುಂಬ ಹಾರಿಹೋಗುತ್ತದೆ. ಸಂಜೆ ಹೊತ್ತು ಸಕ್ಕರೆ ಮತ್ತು ನೀರು ಸಮಸಮ ಬೆರೆಸಿ ಕುದಿಸಿ ಆರಿಸಿದ ಪಾಕವನ್ನು ಒಳಗೇ ಇಡಬೇಕು. ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡದಿದ್ದರೆ ಇರುವೆ ಬರುತ್ತದೆ. ಈ ಸಲ ತುಪ್ಪದ ಆಸೆ ಬೇಡ, ಸಿಕ್ಕಿದ್ದನ್ನೂ ಅವಕ್ಕೇ ಬಿಡಿ.

ಪೆಟ್ಟಿಗೆಯನ್ನು ಮಾರನೇ ದಿನವೇ ಹಿತ್ತಿಲ ಇನ್ನೊಂದು ಮೂಲೆಗೆ ಇಟ್ಟುಬಿಡೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ. ಹಾಗೆ ಮಾಡಿದರೆ ಬೆಳಿಗ್ಗೆ ಹೊರಗೆ ಹೋದ ಹುಳಗಳೆಲ್ಲ ಮರಳಿ ಹಳೆ ಗೋಡೆಗೇ ಬಂದು ಸುತ್ತುತ್ತವೆ. ದಿನಕ್ಕೆ ಒಂದೆರಡು ಅಡಿ ಸರಿಸುತ್ತಾ ಹೋಗಬೇಕು, ಅಥವಾ ರಾತ್ರಿ ಬಾಗಿಲಿಗೆ ಜಾಲರಿ ಹಾಕಿ ಎರಡು ಮೂರು ಕಿಲೋಮೀಟರ್ ಆಚೆಯ ನೆಂಟರ ಮನೆಯಲ್ಲಿ ಎರಡು ವಾರ ಇಟ್ಟು ತರಬೇಕು.

ಕಾಲ ನಿಮ್ಮ ಪರವಾಗಿದೆ. ಈಗ ಮಾಡಿದರೆ ಮುಂದೆ ಫೆಬ್ರವರಿಯಿಂದ ಮೇವರೆಗೆ ಹೂವು ಇದೆ, ಕುಟುಂಬ ಚೇತರಿಸಿಕೊಳ್ಳುತ್ತದೆ. ಎರಿಯೂ ಇನ್ನೂ ಚಿಕ್ಕದಿದೆ. ಮುಂದಿನ ಜೂನ್‌ವರೆಗೆ ಎಳೆದು ಮಳೆಯಲ್ಲಿ ತೆಗೆದರೆ ಹೊರಗೆ ಆಹಾರವೇ ಇರುವುದಿಲ್ಲ, ಸಾಯಿಸಿದಂತೆಯೇ ಲೆಕ್ಕ. ಬಾಗಿಲಿಗೆ ಜಾಲರಿಯ ಕೊಳವೆ ಕಟ್ಟಿ, ಹೊರಗೆ ಹೋದವು ಒಳಗೆ ಬರದಂತೆ ಮಾಡಿ, ಪಕ್ಕದ ಪೆಟ್ಟಿಗೆಗೆ ಸೇರಿಸುವ ಒಂದು ವಿಧಾನವನ್ನೂ ಯಾರಾದರೂ ಹೇಳಬಹುದು. ಅದು ನಾಲ್ಕಾರು ವಾರದ ಕೆಲಸ, ರಾಣಿ ಒಳಗೇ ಉಳಿಯುತ್ತದೆ, ಮನೆಗೆ ದಾರಿ ಸಿಗದ ಹುಳಗಳು ಅಷ್ಟು ದಿನವೂ ಕೊಟ್ಟಿಗೆಯಲ್ಲಿ ಸುತ್ತುತ್ತವೆ. ದನ ಇರುವ ಕಡೆ ನಾನು ಅದನ್ನು ಒಪ್ಪುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ತುಡುವೆಗೆ. ಹೆಜ್ಜೇನಿಗೆ ಇದರಲ್ಲಿ ಒಂದೂ ಹೊಂದುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ನನ್ನನ್ನು ಒಬ್ಬರ ಮನೆಗೆ ಕರೆದರು. ದೊಡ್ಡ ಮರದಲ್ಲಿ ಹೆಜ್ಜೇನು, ಅದರ ನೆರಳಿಗೆ ಕಟ್ಟಿದ ಎಮ್ಮೆ. ಯಾವುದೋ ಹಕ್ಕಿ ಗೂಡಿಗೆ ಎರಗಿತ್ತು. ಮನೆಯವರು ಹೊರಗೆ ಬರಲಾಗದೆ ಕಿಟಕಿಯಿಂದ ನೋಡುತ್ತಿದ್ದರು. ಹಗ್ಗ ನೈಲಾನಿನದು, ಎಮ್ಮೆ ಎಳೆದಷ್ಟೂ ಗಂಟು ಬಿಗಿಯುತ್ತಾ ಹೋಗಿತ್ತು. ಕಂಬಳಿ ಹೊದ್ದು ಒಬ್ಬರು ಕತ್ತಿ ಹಿಡಿದು ಹೋಗುವ ಹೊತ್ತಿಗೆ ಅದು ನೆಲಕ್ಕೆ ಬಿದ್ದಿತ್ತು. ನಾನು ಕೊಟ್ಟ ಯಾವ ಸೂಜಿಯೂ ಕೆಲಸ ಮಾಡಲಿಲ್ಲ, ರಾತ್ರಿ ಹೊತ್ತಿಗೆ ಸತ್ತುಹೋಯಿತು. ಆ ಮನೆಯ ಹೆಂಗಸು ಹಗ್ಗದ ಗಂಟನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ನಾನು ಹೋದ ಮನೆಯಲ್ಲೆಲ್ಲ ಮೊದಲು ನೋಡುವುದು ಕಣ್ಣಿಯ ಗಂಟನ್ನೇ. ಎಳೆದರೆ ಒಮ್ಮೆಗೇ ಬಿಚ್ಚಿಕೊಳ್ಳುವ ಜಾರುಗಂಟು ಹಾಕಿ. ಕೊಟ್ಟಿಗೆಯ ಬಾಗಿಲಲ್ಲಿ ಒಂದು ಹರಿತವಾದ ಕತ್ತಿ, ಒಂದು ಹಳೆ ಕಂಬಳಿ ಯಾವಾಗಲೂ ತೂಗಿರಲಿ. ಹೆಜ್ಜೇನು ಎಲ್ಲಾದರೂ ಕಂಡರೆ ಅದರ ಕೆಳಗಾಗಲಿ ಹತ್ತಿರದಲ್ಲಾಗಲಿ ದನ ಕಟ್ಟಬೇಡಿ, ಕಲ್ಲು ಹೊಡೆಯಲು ಮಕ್ಕಳನ್ನು ಬಿಡಬೇಡಿ. ನಮ್ಮ ಕಡೆ ಹೆಚ್ಚಿನವು ಮಳೆಗಾಲ ಶುರುವಾಗುವ ಹೊತ್ತಿಗೆ ತಾವಾಗಿ ಹೊರಟುಹೋಗುತ್ತವೆ.

ನಿಮ್ಮ ಗೋಡೆಗೆ ಮರಳಿ ಬರುತ್ತೇನೆ. ಪೆಟ್ಟಿಗೆಗೆ ತುಂಬಿದರೆ ಸಂದಿಯಲ್ಲಿ ಉಳಿದ ಮೇಣವನ್ನು ಪೂರ್ತಿ ಕೆರೆದು ತೆಗೆಯಿರಿ, ಒಳಗೆ ಸುಣ್ಣ ಬಳಿದು, ಕಲ್ಲು ಕೂರಿಸಿ, ಮಣ್ಣು ಅಥವಾ ಸಿಮೆಂಟ್ ತುಂಬಿ. ಕೊಟ್ಟಿಗೆಯ ಉಳಿದ ಸಂದಿಗಳನ್ನೂ ಈಗಲೇ ಮುಚ್ಚಿದರೆ ಒಳ್ಳೆಯದು. ಕೆರೆದ ಮೇಣವನ್ನು ಎಸೆಯಬೇಡಿ. ಒಂದು ಖಾಲಿ ಪೆಟ್ಟಿಗೆಯ ಅಥವಾ ಹಳೆ ಮಡಕೆಯ ಒಳಗೆ ಅದನ್ನು ಸವರಿ, ಮುಂದಿನ ದೀಪಾವಳಿಗೆ ಮುಂಚೆ ತೋಟದ ಅಂಚಿನಲ್ಲಿ ನೆರಳಿಗೆ ತೂಗುಹಾಕಿ. ಮನೆ ಹುಡುಕಿ ಬರುವ ಪಾಲಿಗೆ ನಿಮ್ಮ ಕೊಟ್ಟಿಗೆಗಿಂತ ಅದೇ ಹಿಡಿಸಬಹುದು. ಉಣುಗಿನ ಔಷಧಿ ಬೇಕೇ ಬೇಕೆಂದರೆ ಸಂಜೆ ಕತ್ತಲಾದ ಮೇಲೆ, ಗೂಡಿನಿಂದ ದೂರ, ಅಂಗಳದ ಆಚೆ ದನವನ್ನು ಒಯ್ದು ಮೈಗೆ ಹಚ್ಚಿ. ಗೂಡಿರುವ ಗೋಡೆಗೆ ಸಿಂಪಡಿಸಬೇಡಿ. ಹುಲ್ಲು ಕತ್ತರಿಸುವ ಮಷಿನ್ ಆ ಗೋಡೆಗೆ ತಾಗಿಕೊಂಡಿದ್ದರೆ ಅದನ್ನೂ ಸರಿಸಿ, ಅದರ ಅದುರು ಜೇನಿಗೆ ಆಗುವುದಿಲ್ಲ.

ಗೂಡಿನ ಬಾಯಿ ನೆಲದಿಂದ ಎಷ್ಟು ಎತ್ತರ, ಗೋಡೆಯ ಹೊರಗಡೆ ಏನಿದೆ, ಇವೆರಡನ್ನು ಅಳೆದು ಬರೆಯಿರಿ. ಬಾಗಿಲು ತಿರುಗಿಸಲು ಆಗುತ್ತದಾ ಎಂದು ಅದರ ಮೇಲೆ ಹೇಳುತ್ತೇನೆ. ಕರುವಿನ ಮೂತಿ ಇಳಿಯಿತಾ ಎಂದೂ ತಿಳಿಸಿ.